ಎಂಟು ದಿನ ಮುಚ್ಚಿಡು

ನನ್ನ ಪಿಎಚ್‌ಡಿ ಪ್ರಬಂಧದ ಎರಡನೆಯ ಅಧ್ಯಾಯ ಇಪ್ಪತ್ತು ವರ್ಷ ಹೊನ್ನಾವರದ ಅಕ್ಕೋರ ಮನೆಯಲ್ಲಿ, ಅಕ್ಕಿ ಡಬ್ಬಿಯ ಅಡಿಯಲ್ಲಿ ಇತ್ತು. ಎಂಟು ದಿನದ ಮಟ್ಟಿಗೆಂದು ಇಟ್ಟದ್ದು. ಒಂಬತ್ತನೆಯ ದಿನ ನಾನು ತರಲು ಹೋಗಲಿಲ್ಲ. ಆಮೇಲೆ ಮದುವೆಯಾಯಿತು, ಭಟ್ಕಳದ ಕಾಲೇಜಿನಲ್ಲಿ ಕೆಲಸವಾಯಿತು, ಮಕ್ಕಳಾದರು; ನೆಪಗಳಿಗೆ ನನ್ನಲ್ಲಿ ಯಾವತ್ತೂ ಬರವಿರಲಿಲ್ಲ. ಅವರ ಮನೆಗೆ ಹೋದಾಗಲೆಲ್ಲ ಅಕ್ಕೋರು ಚಾ ಕೊಟ್ಟು, ಅಡುಗೆಮನೆಯ ಕಡೆ ಗದ್ದ ಎತ್ತಿ ತೋರಿಸಿ, "ಅಲ್ಲೇ ಅದೆ ತಮಾ. ಇಲಿ ಮುಟ್ಲಿಲ್ಲ" ಎನ್ನುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಬೈದದ್ದು ಇಷ್ಟೇ. ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವವರ ಜೊತೆ ಕೈಜೋಡಿಸಲು ಹೋದವನು ಮೊದಲು ಆ ಡಬ್ಬಿ ಎತ್ತಿ ನೋಡಿದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೆ ನನ್ನ ಹೆಸರು ಬರೆದು ಇಟ್ಟಿದ್ದರು. ತಲೆ ತಗ್ಗಿಸಿಕೊಂಡು ಎತ್ತಿಕೊಂಡು ಬಂದೆ.

ನಮ್ಮ ಕಡೆ ಸಣ್ಣ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇವರು ಹೊನ್ನಾವರದಲ್ಲಿ ಮೂವತ್ತು ವರ್ಷ ಕಾಲೇಜು ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು. ನ್ಯಾಯವಾಗಿ ಮೇಡಂ ಆಗಬೇಕಿತ್ತು. ಆದರೆ ಅವರ ಊರು ಕುಮಟಾ ಹತ್ತಿರದ ಬಾಡ. ಕೆಲಸದ ಮೊದಲ ಎರಡು ವರ್ಷ ಅಲ್ಲಿಯ ಶಾಲೆಯಲ್ಲೇ ಕಲಿಸಿದ್ದರು. ಬಾಡದ ಹೆಂಗಸೊಬ್ಬಳು ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡು "ಓ ಅಕ್ಕೋರೇ" ಎಂದು ಕೂಗಿದ್ದನ್ನು ಯಾವುದೋ ವರ್ಷದ ವಿದ್ಯಾರ್ಥಿಗಳು ಕೇಳಿಸಿಕೊಂಡರು, ಅಲ್ಲಿಗೆ ಮೇಡಂ ಮುಗಿಯಿತು. ಅವರಿಗೂ ಅದೇ ಇಷ್ಟವಿತ್ತು ಎಂದು ನನ್ನ ಗುಮಾನಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅವರ ತಾಯಿ ಬಾಡದಿಂದ ಕುಮಟಾ ಪೇಟೆಗೆ ಒಣಮೀನಿನ ಬುಟ್ಟಿ ಹೊತ್ತು ಮಗಳನ್ನು ಓದಿಸಿದವರು. ಅಕ್ಕೋರು ಅದನ್ನು ಮುಚ್ಚಿಡಲೂ ಇಲ್ಲ, ಮೆರೆಸಲೂ ಇಲ್ಲ. ಬೇಕಾದಾಗ ಪಾಠಕ್ಕೆ ಬಳಸಿಕೊಂಡರು. "ನಮ್ಮ ಅವ್ವಿ ಗಿರಾಕಿಗೆ ಸುಳ್ಳು ಹೇಳ್ತಿರ್ಲಿಲ್ಲ. ಇದು ಯಾವಾಗ ಒಣಗಿದ್ದು ಅಂತ ಕೇಳಿದ್ರೆ, ತಾನೇ ಒಣಗ್ಸಿದ್ದಾದ್ರೆ ದಿನ ಹೇಳ್ತಿತ್ತು. ಕೊಂಡು ತಂದದ್ದಾದ್ರೆ ನಂಗೊತ್ತಿಲ್ಲ ಅಂತಿತ್ತು. ನೀವು ಬರಿಯೂದೂ ಹಂಗೇ ಇರ್ಬೇಕು" ಎಂದು ನಮ್ಮ ಮೊದಲ ತರಗತಿಯಲ್ಲೇ ಹೇಳಿದ್ದರು. ಇಂಗ್ಲಿಷ್ ಕಲಿಯಲು ಬಂದು ಒಣಮೀನಿನ ಸುದ್ದಿ ಕೇಳಬೇಕಾಯಿತಲ್ಲ ಎಂದು ನಾನು ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆ. ಇವತ್ತು ನನ್ನ ಕಾಲೇಜಿನ ಮಕ್ಕಳಿಗೆ ನಾನು ಹೇಳಿಕೊಡುವುದೂ ಅದನ್ನೇ, ಮೀನು ಬಿಟ್ಟು.

ಸೊಂಟದಲ್ಲಿ ಕೀಲಿಕೈ ಗೊಂಚಲಿನ ಪಕ್ಕ ಒಂದು ಮೊಂಡು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು. ಕೆಂಪು ಶಾಯಿ ಮುಟ್ಟಿದವರಲ್ಲ. ಬೇರೆಯವರ ವಾಕ್ಯ ಹೊಡೆದುಹಾಕಿ ತಮ್ಮದನ್ನು ಬರೆಯುವುದು ಅವರ ಪ್ರಕಾರ ಬೇರೆಯವರ ಅಡುಗೆಮನೆಗೆ ನುಗ್ಗಿ ಪಾತ್ರೆ ಜೋಡಿಸಿದ ಹಾಗೆ. ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆಯುತ್ತಿದ್ದರು: ಯಾರು ಹೇಳಿದ್ದು? ನೀ ಕಂಡ್ಯಾ? ಎಷ್ಟು ಮಂದಿ? ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿತೆಂದರೆ ಕೊನೆಯ ಪುಟದ ಕೆಳಗೆ ಕನ್ನಡದಲ್ಲಿ ‘ಆತು’ ಎಂದು ಬೀಳುತ್ತಿತ್ತು. ಮುಗಿಯಿತು, ಸರಿಯಾಯಿತು, ಇನ್ನು ಹೊರಡು, ಎಲ್ಲ ಅದರೊಳಗೇ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಹತ್ತಿರ ಇರಲಿಲ್ಲ.

ಆದರೆ ‘ಆತು’ ಬಿದ್ದ ಮೇಲೂ ಹೊರಡುವಂತಿರಲಿಲ್ಲ. ಬರಹವನ್ನು ಎಂಟು ದಿನ ಮುಚ್ಚಿಡಬೇಕು. ಅದೂ ಸ್ವಂತ ಮನೆಯಲ್ಲಲ್ಲ, ಬೇರೆಯವರ ಮನೆಯಲ್ಲಿ. ಬರಹದ ಜೊತೆ ಅದಕ್ಕೆ ಸಂಬಂಧಪಟ್ಟ ಟಿಪ್ಪಣಿ, ನೋಟುಪುಸ್ತಕ, ಸಮಸ್ತವೂ. "ನಿನ್ನ ಮನೇಲಿದ್ರೆ ತೆಗ್ದು ತೆಗ್ದು ನೋಡ್ತೆ. ದಿನಾ ನೋಡಿದ್ರೆ ತಪ್ಪು ಕಾಣೂದಿಲ್ಲ, ಅಭ್ಯಾಸ ಆಗ್ತದೆ" ಎನ್ನುವುದು ಅವರ ವಾದ. ಒಂಬತ್ತನೆಯ ದಿನ ತೆಗೆದು ಓದಿದರೆ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ, ಆಗ ಕಣ್ಣು ಸರಿಯಾಗಿ ಬೀಳುತ್ತದೆ. ಹೀಗಾಗಿ ಹೊನ್ನಾವರದ ಎಷ್ಟೋ ಮನೆಗಳಲ್ಲಿ ಯಾರ್ಯಾರದೋ ಬರಹಗಳು ಎಂಟೆಂಟು ದಿನ ನೆಂಟರ ಹಾಗೆ ಉಳಿದು ಹೋಗಿವೆ. ನನ್ನದು ಮಾತ್ರ ಹೋಗಲೊಲ್ಲದ ನೆಂಟನಾಯಿತು.

ನಿವೃತ್ತಿಯಾದ ಮೇಲೆ ಇವರು ಏನು ಮಾಡುತ್ತಾರೋ ಎಂದು ನಾವೆಲ್ಲ ಚಿಂತಿಸಿದೆವು. ಅವರು ನಮಗೆ ಚಿಂತೆಗೆ ಹೆಚ್ಚು ಸಮಯ ಕೊಡಲಿಲ್ಲ. ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿದ್ದ ಹಳೆಯ ಶಿಷ್ಯೆಯೊಬ್ಬಳು ಫೋನು ಮಾಡಿ, ಯುದ್ಧದಿಂದ ಊರು ಬಿಟ್ಟ ವಿದ್ವಾಂಸರಿಗೆ ಇಂಗ್ಲಿಷಿನಲ್ಲಿ ಸಂಶೋಧನಾ ಲೇಖನ ಬರೆಯಲು ಕಲಿಸುವವರು ಬೇಕಾಗಿದ್ದಾರೆ, ಸಂಬಳ ಇಲ್ಲ ಎಂದಳಂತೆ. ಸಿರಿಯಾದವರು, ಯೆಮನ್‌ನವರು, ಸುಡಾನಿನವರು. ತಮ್ಮ ಭಾಷೆಯಲ್ಲಿ ಪುಸ್ತಕ ಬರೆದವರು, ನೂರಾರು ಮಕ್ಕಳಿಗೆ ಕಲಿಸಿದವರು. ಓಡಿಬಂದ ದೇಶದಲ್ಲಿ ಕೆಲಸ ಸಿಗಬೇಕಾದರೆ ಇಂಗ್ಲಿಷಿನಲ್ಲಿ ಲೇಖನ ಅಚ್ಚಾಗಬೇಕು, ಆ ಇಂಗ್ಲಿಷು ಬರದೆ ಮತ್ತೆ ಮೊದಲನೆಯ ಬೆಂಚಿಗೆ ಬಂದು ಕೂತವರು. ಅಕ್ಕೋರು ಒಂದು ಲ್ಯಾಪ್‌ಟಾಪ್ ಕೊಂಡು, ಅದನ್ನು ಊಟದ ಮೇಜಿನ ಮೇಲಿಟ್ಟು, ವಾರಕ್ಕೊಂದು ದಿನ ಕಾಲೇಜಿಗೆ ಹೋಗುವಾಗಿನ ಸೀರೆಯನ್ನೇ ಉಟ್ಟು ಅದರ ಮುಂದೆ ಕೂರತೊಡಗಿದರು.

ನಾನು ಭಟ್ಕಳದ ನವಾಯತ ಮುಸಲ್ಮಾನ. ಆ ಜನರ ಹೆಸರುಗಳನ್ನು ಸರಿಯಾಗಿ ಹೇಳಿಕೊಡಲೆಂದು ಅಕ್ಕೋರು ನನ್ನನ್ನು ಹಿಡಿದುಹಾಕಿದರು. ತರಗತಿಯನ್ನು ಮೊದಲು ಶುಕ್ರವಾರ ನಾಲ್ಕು ಗಂಟೆಗೆ ಗೊತ್ತುಮಾಡಿದ್ದರು. ಒಂದು ತಿಂಗಳು ಯಾರೂ ತುಟಿ ಬಿಚ್ಚಲಿಲ್ಲ. ನಾನೇ ಲೆಕ್ಕ ಹಾಕಿ, "ಅಕ್ಕೋರೆ, ನಮ್ಮ ನಾಲ್ಕು ಗಂಟೆ ಅಂದ್ರೆ ಅವ್ರ ಕಡೆ ಜುಮ್ಮಾ ನಮಾಜಿನ ಹೊತ್ತು" ಎಂದೆ. ಅವರ ಮುಖ ಸಪ್ಪಗಾಯಿತು.

"ಎಂತಾ ಜನ ಮಾರಾಯಾ. ಮನೆ ಮಠ ಹೋದವ್ರು, ನಮಾಜೂ ಬಿಟ್ಟು ನನ್ನ ಎದ್ರು ಕೂತಿದ್ರಲ್ಲ. ಒಂದು ಮಾತು ಹೇಳೂಕೆ ಹೆದ್ರಿಕೆಯಾ?"

ಆ ವಾರದಿಂದ ತರಗತಿ ಗುರುವಾರ ನಾಲ್ಕಕ್ಕೆ ಆಯಿತು.

ಸಿರಿಯಾದ ಒಬ್ಬರು ಹಳೆಯ ಕಟ್ಟಡಗಳ ಇತಿಹಾಸ ಬರೆಯುತ್ತಿದ್ದರು, ಅಕ್ಕೋರ ಓರಗೆಯವರು. ಅವರ ಲೇಖನ ತಯಾರಾಗಿ, ಪತ್ರಿಕೆಗೆ ಸಲ್ಲಿಸುವ ಫಾರ್ಮು ತುಂಬಲು ಕೂತಾಗ ‘ನಿಮ್ಮ ಸಂಸ್ಥೆ’ ಎಂಬಲ್ಲಿ ನಿಂತುಬಿಟ್ಟರಂತೆ. ಖಾಲಿ ಬಿಟ್ಟರೆ ಫಾರ್ಮು ಮುಂದಕ್ಕೆ ಹೋಗುವುದಿಲ್ಲ. ಅವರ ವಿಭಾಗದ ಕಟ್ಟಡ ನೆಲಕಚ್ಚಿ ವರ್ಷಗಳಾಗಿದ್ದವು. ಅವರು ಆಗ ಬೇರೆ ದೇಶದ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದರು. ಬೇಕರಿಯ ಹೆಸರು ಬರೆಯಲೇ ಎಂದು ಕೇಳಿದರು, ತಮಾಷೆಗಲ್ಲ. "ಹಳೇ ಕಾಲೇಜಿನ ಹೆಸ್ರೇ ಬರೀರಿ ಅಂದೆ ತಮಾ. ಕಟ್ಟಡ ಬಿದ್ರೆ ಇವ್ರು ಕಲಿಸಿದ್ದೂ ಬೀಳ್ತದಾ?" ಎಂದು ಅಕ್ಕೋರು ಆಮೇಲೆ ನನಗೆ ಹೇಳಿದರು.

ಬರೆಯುವಾಗ ಆ ಜನ ಅಳುತ್ತಿದ್ದರು. ಸಂಶೋಧನೆಯ ಇಂಗ್ಲಿಷಿಗೆ ಅಳು ಸೇರುವುದಿಲ್ಲ. ಅದಕ್ಕೆ ಅಕ್ಕೋರು ಎಲ್ಲರಿಗೂ ಒಂದು ಬೇರೆ ಹಾಳೆ ಇಟ್ಟುಕೊಳ್ಳಲು ಹೇಳಿದರು. ಯಾವ ಭಾಷೆಯಾದರೂ ಸರಿ, ಅತ್ತರೂ ಸರಿ, ಬೈದರೂ ಸರಿ, ಅದು ಎಲ್ಲಿಗೂ ಹೋಗುವ ಹಾಳೆಯಲ್ಲ. ಅದನ್ನು ತುಂಬಿಸಿದ ಮೇಲೆ ಲೇಖನಕ್ಕೆ ಬರಬೇಕು. ನಾನೀಗ ಬರೆಯುತ್ತಿರುವುದೂ ಅಂಥ ಹಾಳೆಯೇ ಇರಬೇಕು.

ಆ ಇಂಗ್ಲಿಷಿಗೆ ‘ಇರಬಹುದು’ ಎಂಬ ಮಾತು ಬಹಳ ಇಷ್ಟ. ಶಿಷ್ಯರು ಅದನ್ನು ಬೇಗ ಕಲಿತು ಕಂಡಕಂಡಲ್ಲಿ ಹಾಕತೊಡಗಿದಾಗ ಅಕ್ಕೋರು ತಡೆದರು. ಅರ್ಧ ಪುರಾವೆ ಇದ್ದರೆ ಇರಬಹುದು ಎನ್ನಿ, ಪುರಾವೆಯೇ ಇಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಇಲ್ಲವೆಂದು ಗೊತ್ತಿದ್ದರೆ ಇಲ್ಲ ಎನ್ನಿ, ಎಷ್ಟೇ ಕಷ್ಟವಾದರೂ. ಆ ದಿನ ನಾನು ಪಕ್ಕದಲ್ಲೇ ಕೂತು ಬಾಳೆಹಣ್ಣು ತಿನ್ನುತ್ತಿದ್ದೆ. ಅವರು ಹೇಳಿದ್ದು ನನಗೂ ಎಂದು ಆಗ ಅನಿಸಿರಲಿಲ್ಲ.

ಹನಾನ್ ಬಂದದ್ದು ಎರಡನೆಯ ವರ್ಷ. ಸುಡಾನಿನವಳು, ಮೂವತ್ತೈದರ ಆಸುಪಾಸು. ನೈಲ್ ದಂಡೆಯ ಹೆಂಗಸರು ಮೀನಿಗೆ ಉಪ್ಪು ಹಾಕಿ ಇಟ್ಟು ಮಾರುವ ಕಸುಬನ್ನು ಹನ್ನೆರಡು ವರ್ಷ ಹಳ್ಳಿಹಳ್ಳಿ ತಿರುಗಿ ಬರೆದುಕೊಂಡವಳು. ರಾಜಧಾನಿಯಲ್ಲಿ ಯುದ್ಧ ಶುರುವಾದಾಗ ಮೈಮೇಲಿನ ಬಟ್ಟೆ ಮತ್ತು ಆ ನೋಟುಪುಸ್ತಕಗಳ ತಗಡಿನ ಪೆಟ್ಟಿಗೆ, ಇಷ್ಟನ್ನೇ ಹಿಡಿದುಕೊಂಡು ದೂರದ ಚಿಕ್ಕ ಊರಿಗೆ ಓಡಿಬಂದಿದ್ದಳು. "ಈ ಹೆಣ್ಣು ನಮ್ಮ ಅವ್ವಿ ಮೇಲೆ ಬರೀತದೆ ತಮಾ" ಎಂದು ಅಕ್ಕೋರು ಹಿಗ್ಗಿದರು. ಅಷ್ಟು ಹಿಗ್ಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಒಂದು ಬೇಸಿಗೆ ನನ್ನನ್ನು ಮಾವಿನಕುರ್ವೆಗೆ ಎಳೆದುಕೊಂಡು ಹೋದರು. ಮೀನು ಒಣಹಾಕುತ್ತಿದ್ದ ಹೆಂಗಸರ ನಡುವೆ ನಿಂತು ಫೋನಿನಲ್ಲಿ ಹನಾನ್‌ಳನ್ನು ತೋರಿಸಿದರು. ಹೆಂಗಸರು ಮುಸುಕು ಸರಿಮಾಡಿಕೊಂಡು, ಕೈ ಒರೆಸಿಕೊಂಡು ಒಬ್ಬೊಬ್ಬರಾಗಿ ಇಣುಕಿದರು. ಅವರಲ್ಲೊಬ್ಬಳು ಮುದುಕಿ ಫೋನಿಗೆ ಬಾಯಿ ಹಚ್ಚಿ, "ನಿಮ್ ಬದಿಗೆ ಉಪ್ಪು ಎಲ್ಲಿಂದ ಬತ್ತದೆ? ಯಾರು ತತ್ರು?" ಎಂದು ಕೂಗಿದಳು. ಅಕ್ಕೋರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಅದಕ್ಕೆ ಹನಾನ್, ಹನ್ನೆರಡು ವರ್ಷ ಮೀನನ್ನೇ ನೋಡಿದ್ದೇನೆ, ಉಪ್ಪು ತರುವವರನ್ನು ಒಮ್ಮೆಯೂ ಕೇಳಲಿಲ್ಲ ಎಂದಳು. ಮುದುಕಿಗೆ ಖುಷಿಯೋ ಖುಷಿ. "ಪಾಪ, ಓದಿದ್ ಹೆಣ್ಣು. ಒಂದ್ಸಲ ಬಾರೆ ಇಲ್ಲಿಗೆ, ಬಂಗಡೆ ಕೊಡ್ತೆ, ಎಲ್ಲ ಹೇಳಿ ಕೊಡ್ತೆ" ಎಂದಳು. ಹನಾನ್ ತನ್ನಲ್ಲಿದ್ದ ಹಳೆಯ ಟಿಪ್ಪಣಿಗಳನ್ನು ಕೆದಕಿ, ಗೊತ್ತಿದ್ದವರನ್ನು ಕೇಳಿ, ಲೇಖನಕ್ಕೆ ಉಪ್ಪಿನ ಬಗ್ಗೆ ಮೂರನೆಯ ಭಾಗವೊಂದನ್ನು ಸೇರಿಸಿದಳು.

ಇನ್ನೊಮ್ಮೆ ತರಗತಿಯ ಹೊತ್ತಿಗೆ ಹನಾನ್ ಬರಲಿಲ್ಲ, ಅವಸರದಲ್ಲಿ ಅರಬ್ಬಿಯಲ್ಲೊಂದು ಸಂದೇಶ ಬಂತು. ಅಕ್ಕೋರು ನನ್ನನ್ನು ಭಟ್ಕಳದಿಂದ ತುರ್ತಾಗಿ ಕರೆಸಿಕೊಂಡರು. "ನೀ ಅರಬ್ಬಿ ಓದ್ತೆ ಅಲ್ದಾ? ಓದು." ನಾನು ಚಿಕ್ಕಂದಿನಲ್ಲಿ ಕುರಾನ್ ಓದಲು ಕಲಿತವನು, ಅಕ್ಷರ ಬರುತ್ತದೆ, ಅರ್ಥ ಬರುವುದಿಲ್ಲ. ಅವರ ಮುಖದ ಗಾಬರಿ ನೋಡಿ ಹಾಗೆಂದು ಹೇಳಲು ಬಾಯಿ ಬರದೆ ತಡವರಿಸಿ ತಡವರಿಸಿ ಪೂರ್ತಿ ಓದಿದೆ. ಅಕ್ಕೋರು ಉಸಿರು ಬಿಗಿಹಿಡಿದು ಕೇಳಿದರು. "ಅಂದ್ರೆ?" ಎಂದರು. "ಅದು ಗೊತ್ತಿಲ್ಲ ಅಕ್ಕೋರೆ" ಎಂದೆ. ಒಂದು ಗಳಿಗೆ ನನ್ನನ್ನು ದುರುಗುಟ್ಟಿ ನೋಡಿ ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಫೋನಿನಲ್ಲೇ ಅನುವಾದ ಹಾಕಿ ನೋಡಿದೆವು. ಕರೆಂಟಿಲ್ಲ, ಪೆಟ್ಟಿಗೆಯೂ ನಾನೂ ಕ್ಷೇಮ ಎಂದಿತ್ತು. ಅಂದಿನಿಂದ ಪ್ರತಿ ತರಗತಿಯಲ್ಲೂ ಅಕ್ಕೋರ ಮೊದಲ ಪ್ರಶ್ನೆ, ಪೆಟ್ಟಿಗೆ ಹೇಗಿದೆ ಎಂದು.

ಲೇಖನ ಮುಗಿಯಿತು. ಅಷ್ಟರಲ್ಲಿ ಹೊರದೇಶದ ವಿಶ್ವವಿದ್ಯಾಲಯವೊಂದು ಹನಾನ್‌ಗೆ ಎರಡು ವರ್ಷದ ಜಾಗ ಕೊಡಲು ಒಪ್ಪಿತ್ತು. ಇಂಗ್ಲಿಷ್ ಲೇಖನವೊಂದನ್ನು ಪತ್ರಿಕೆಗೆ ಸಲ್ಲಿಸಿದ ರಸೀದಿಯನ್ನು ತಿಂಗಳ ಕೊನೆಯೊಳಗೆ ತೋರಿಸಬೇಕು, ತೋರಿಸಿದ ಕೂಡಲೇ ಪ್ರಯಾಣದ ಕಾಗದ ಕಳಿಸುತ್ತೇವೆ ಎಂದಿದ್ದರು. ತಿಂಗಳ ಕೊನೆಗೆ ಇನ್ನೂ ಹದಿನೆಂಟು ದಿನವಿತ್ತು. ಒಂದು ಗುರುವಾರ ಅಕ್ಕೋರು ತಮ್ಮ ಪ್ರತಿಯ ಕೊನೆಯ ಪುಟದಲ್ಲಿ ‘ಆತು’ ಎಂದು ಬರೆದು ಅದನ್ನು ತೆರೆಗೆ ಹಿಡಿದು ತೋರಿಸಿದರು. ಹನಾನ್ ಕೈ ತಟ್ಟಿದಳು. ಆಗ ಅಕ್ಕೋರು ಎಂದಿನ ಮಾತು ಹೇಳಿದರು: ಎಂಟು ದಿನ ಮುಚ್ಚಿಡು, ಬೇರೆಯವರ ಮನೆಯಲ್ಲಿ, ಪೆಟ್ಟಿಗೆ ಸಮೇತ. ಹನಾನ್ ನಗುತ್ತ ಒಪ್ಪಿದಳು.

ಆರನೆಯ ದಿನ ಆ ಊರಿಗೂ ಯುದ್ಧ ಬಂತು. ಸುದ್ದಿ ನಮಗೆ ಟೀವಿಯಲ್ಲಿ ಗೊತ್ತಾಯಿತು. ಗುರುವಾರ ನಾಲ್ಕಕ್ಕೆ ಹನಾನ್ ಬರಲಿಲ್ಲ. ಫೋನು ಹೋಗಲಿಲ್ಲ. ಮುಂದಿನ ಗುರುವಾರವೂ ಇಲ್ಲ. ತಿಂಗಳು ಮುಗಿದು ಆ ಜಾಗ ಬೇರೆಯವರ ಪಾಲಾಯಿತು. ಅವಳ ಊರಿನ ಬೀದಿ ಸುಟ್ಟುಹೋದ ಚಿತ್ರವೊಂದನ್ನು ಯಾರೋ ಹಾಕಿದ್ದರು. ಅಕ್ಕೋರು ಅದನ್ನು ದೊಡ್ಡದು ಮಾಡಿ ಮಾಡಿ, ಯಾವ ಮನೆ ಎಂದು ಗೊತ್ತಿಲ್ಲದಿದ್ದರೂ ಹುಡುಕಿದರು.

"ಆತು ಅಂತ ಬರ್ದಾಗಿತ್ತು ತಮಾ" ಎಂದರು ಒಂದು ದಿನ. ಮೇಜಿನ ಮೇಲೆ ಆ ಪ್ರತಿ ಇತ್ತು. "ಒಂದು ತಪ್ಪು ಕಂಡಿದ್ರೆ ಬೇರೆ ಮಾತು. ಆತು ಅಂತ ಬರ್ದ ಮೇಲೂ ತಡೆದೆ. ಅವತ್ತೇ ಕಳ್ಸು ಅಂದಿದ್ರೆ ಮರುದಿನ ರಸೀದಿ ಬತ್ತಿತ್ತು. ಗಡಿ ಬದಿಗೆ ಹೊರಡ್ತಿತ್ತು ಆ ಹೆಣ್ಣು. ಆರು ದಿನ ಇತ್ತು ಕೈಯಲ್ಲಿ."

"ಕಾಗದ ಪತ್ರ ಅಷ್ಟು ಬೇಗ ಎಲ್ಲಿ ಆಗ್ತದೆ ಅಕ್ಕೋರೆ? ಹೇಗೂ ಆಗ್ತಿರ್ಲಿಲ್ಲ."

"ಆಗ್ತಿರ್ಲಿಲ್ಲ ಅಂತ ಪುರಾವೆ ಅದ್ಯಾ ನಿನ್ನತ್ರ?"

"ಇಲ್ಲ."

"ಹಂಗಾರೆ ಸುಮ್ನಿರು."

ನಾವೇ ಅವಳ ಹೆಸರಿನಲ್ಲಿ ಲೇಖನ ಕಳಿಸಿದರೆ ಹೇಗೆ ಎಂದು ನಾನು ಕೇಳಿದ್ದುಂಟು. ಅಚ್ಚಾದರೂ ಆಗಲಿ, ಹನ್ನೆರಡು ವರ್ಷದ ಕೆಲಸ. ಅಕ್ಕೋರು ಒಪ್ಪಲಿಲ್ಲ. "ಒಂಬತ್ತನೇ ದಿನ ತೆಗ್ದು ನೋಡೂಕೆ ಆ ಹೆಣ್ಣಿಗೆ ಹಕ್ಕಿದೆ. ನೋಡಿ ಬೇಡ ಅನ್ನೂಕೂ ಹಕ್ಕಿದೆ. ನಾವು ಯಾರು?" ಎಂದರು. ಹನಾನ್ ಇನ್ನಿಲ್ಲ ಎಂದು ತಾವೇ ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಹೆದರಿಕೆಯೂ ಅದರಲ್ಲಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಅಕ್ಕೋರು ಯಾರಿಗೂ ಎಂಟು ದಿನ ಮುಚ್ಚಿಡು ಎನ್ನಲಿಲ್ಲ. ಕುಮಟಾದ ಹುಡುಗಿಯೊಬ್ಬಳು ಅವರ ಪದ್ಧತಿಯನ್ನು ಕೇಳಿ ತಿಳಿದು, ತನ್ನ ಪ್ರಬಂಧವನ್ನು ಇಡಲೆಂದೇ ಬಂದಾಗ, "ಬ್ಯಾಡ ತಂಗಿ, ಇವತ್ತೇ ಕಳ್ಸು. ಇಲ್ಲೇ ಕೂತು ಕಳ್ಸು" ಎಂದು ಎದುರಿಗೇ ಕಳಿಸಿ, ಆಮೇಲೆ ಚಾ ಕೊಟ್ಟರು. ಬೇರೆ ಶಿಷ್ಯರು ಅಲ್ಲಲ್ಲಿ ನೆಲೆ ಕಂಡುಕೊಂಡು ತರಗತಿ ಬಿಟ್ಟುಹೋದರು. ಹೊಸಬರನ್ನು ಅಕ್ಕೋರು ತೆಗೆದುಕೊಳ್ಳಲಿಲ್ಲ. ಆದರೂ ಪ್ರತಿ ಗುರುವಾರ ನಾಲ್ಕಕ್ಕೆ ಸೀರೆ ಉಟ್ಟು, ತರಗತಿ ತೆರೆದು, ಖಾಲಿ ತೆರೆಯ ಮುಂದೆ ಐದರವರೆಗೆ ಕೂರುತ್ತಿದ್ದರು. ಒಮ್ಮೆ ನಾನು ಪಕ್ಕದಲ್ಲಿದ್ದೆ. ತೆರೆಯ ಮೂಲೆಯಲ್ಲಿ ಅವರದೇ ಮುಖ, ಬೇರೆ ಯಾರೂ ಇಲ್ಲ. ನನಗೆ ಅಲ್ಲಿ ಕೂರಲಾಗದೆ ಹೊರಗೆ ಬಂದು ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತ ನಿಂತೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಅವರಿಗೆ ಉಸಿರಾಟದ ತೊಂದರೆ ಶುರುವಾಗಿ ಕುಮಟಾದ ಆಸ್ಪತ್ರೆಗೆ ಸೇರಿದರು. ನೋಡಲು ಹೋದಾಗ ದಿಂಬಿನಡಿಯಿಂದ ಒಂದು ಚೀಟಿ ತೆಗೆದು ಕೊಟ್ಟರು. ಅವರ ಇಮೇಲಿನ ಪಾಸ್‌ವರ್ಡು. "ಅವ್ವಿ ಹೆಸ್ರು" ಎಂದರು. ಅಷ್ಟು ವರ್ಷದ ಒಡನಾಟದಲ್ಲಿ ಆ ಹೆಸರು ನನಗೆ ಗೊತ್ತಿರಲಿಲ್ಲ.

"ಗುರುವಾರ ನಾಲ್ಕಕ್ಕೆ ತರಗತಿ ಬಾಗ್ಲು ತೆಗೀತ್ಯಾ?"

"ತೆಗೀತೆ ಅಕ್ಕೋರೆ."

"ಅದು ಬಂದಾಗ ಬಾಗ್ಲು ಹಾಕಿರ್ಬಾರ್ದು ತಮಾ. ಬಂದ್ರೆ... ನಾ ತಡೆದದ್ದು ತಪ್ಪಾತು ಅಂತ ಹೇಳು."

ಬರುತ್ತಾಳೆ ಅಕ್ಕೋರೆ, ನೀವೇ ಹೇಳಿ, ಎಂದು ನಾನು ಏನೇನೋ ಅಂದೆ. ಅವರು ಕಣ್ಣು ಮುಚ್ಚಿಕೊಂಡರು. ನಾಲ್ಕನೆಯ ದಿನ ತೀರಿಕೊಂಡರು.

ಬಾಡದಲ್ಲಿ ಬೆಂಕಿ ಕೊಟ್ಟರು. ಮಾವಿನಕುರ್ವೆಯ ಆ ಮುದುಕಿ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ನನ್ನನ್ನು ಗುರುತು ಹಿಡಿದು ಹತ್ತಿರ ಬಂದು, "ಆ ಉಪ್ಪಿನ ಹೆಣ್ಣು ಸಿಕ್ತಾ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ.

ಅಂದಿನಿಂದ ಭಟ್ಕಳದ ನನ್ನ ಮನೆಯಲ್ಲಿ ಗುರುವಾರ ನಾಲ್ಕಕ್ಕೆ ತರಗತಿ ತೆರೆಯತೊಡಗಿದೆ. ನಂಬಿಕೆಯಿಂದಲ್ಲ, ಮಾತು ಕೊಟ್ಟಿದ್ದಕ್ಕೆ. ಖಾಲಿ ಕೂರುವ ಬದಲು ಅಕ್ಕಿ ಡಬ್ಬಿಯ ಅಡಿಯಿಂದ ತಂದ ನನ್ನ ಅಧ್ಯಾಯ ತೆಗೆದು ಓದಿದೆ. ನಿಜಕ್ಕೂ ಬೇರೆ ಯಾರೋ ಬರೆದ ಹಾಗೆ ಕಂಡಿತು. ಚೆನ್ನಾಗಿಯೇ ಬರೆದಿದ್ದ ಅವನು. ಯಾವ ಯುದ್ಧವೂ ಇಲ್ಲದೆ, ಮನೆ ಸುಡದೆ, ಪೆಟ್ಟಿಗೆ ಹೊತ್ತು ಓಡದೆ ಸುಮ್ಮನೆ ಬಿಟ್ಟುಬಿಟ್ಟಿದ್ದ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಕ್ಕೋರು ಹೋಗಿ ನಾಲ್ಕು ತಿಂಗಳಾದ ಮೇಲೆ ಒಂದು ಮಂಗಳವಾರ ಅವರ ಇಮೇಲಿಗೆ ಕಾಗದ ಬಂತು. ಹನಾನ್ ಇಂಗ್ಲಿಷಿನಲ್ಲಿ ಬರೆದಿದ್ದಳು.

ಗಡಿಯಾಚೆಯ ಶಿಬಿರದಲ್ಲಿದ್ದೇನೆ ಎಂದಿದ್ದಳು. ಓಡುವಾಗ ದಾರಿಯಲ್ಲಿ ಫೋನು ಕಿತ್ತುಕೊಂಡರು, ವಿಳಾಸಗಳೆಲ್ಲ ಅದರಲ್ಲೇ ಹೋದವು. ಮೇಡಂ, ನೀವು ಬೇರೆಯವರ ಮನೆಯಲ್ಲಿ ಮುಚ್ಚಿಡು ಎಂದಾಗ ನನಗೆ ನಗು ಬಂದಿತ್ತು. ಆದರೂ ನಿಮ್ಮ ಮಾತು ಮೀರಬಾರದೆಂದು ಮರುದಿನವೇ ಪೆಟ್ಟಿಗೆಯನ್ನು ನದಿಯಾಚೆಗಿನ ಚಿಕ್ಕಮ್ಮನ ಮನೆಯಲ್ಲಿ ಇಟ್ಟು ಬಂದೆ. ನಾನಿದ್ದ ಮನೆ ಸುಟ್ಟಿತು, ಒಂದು ಕಾಗದವೂ ಉಳಿಯಲಿಲ್ಲ. ಚಿಕ್ಕಮ್ಮ ಊರೂರು ದಾಟಿ, ಪೆಟ್ಟಿಗೆಯನ್ನು ಬಿಡದೆ ಹೊತ್ತು, ಹೋದ ತಿಂಗಳು ಇಲ್ಲಿಗೆ ಬಂದು ತಲುಪಿದಳು. ನಿಮ್ಮ ವಿಳಾಸ ಅದರೊಳಗಿನ ಪುಸ್ತಕದಲ್ಲಿತ್ತು. ಎಂಟು ದಿನ ಎಂದಿದ್ದಿರಿ, ಎರಡು ವರ್ಷವಾಗುತ್ತ ಬಂತು. ತೆಗೆದು ಓದಿದೆ. ಮೂರನೆಯ ಭಾಗದಲ್ಲಿ, ಉಪ್ಪಿನ ಬಗ್ಗೆ, ನಾನು ಬರೆದದ್ದು ತಪ್ಪು. ಹಳೆಯ ಪುಸ್ತಕದಲ್ಲೇ ಅದಕ್ಕೆ ಪುರಾವೆ ಇದೆ, ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗುರುವಾರ ನಾಲ್ಕಕ್ಕೆ ಬರಲೇ?

ಓದಿ ಮುಗಿಸಿ ಗೋಡೆ ಕಡೆ ತಿರುಗಿ ಅತ್ತೆ. ಅಕ್ಕೋರನ್ನು ಅಷ್ಟು ದಿನ ಕೊರೆದು ತಿಂದ ಆ ಎಂಟು ದಿನವೇ ಪೆಟ್ಟಿಗೆಯನ್ನು ಉಳಿಸಿತ್ತು. ನಾಲ್ಕು ತಿಂಗಳು ಮೊದಲು ಬಂದಿದ್ದರೆ ಕುಮಟಾದ ಆಸ್ಪತ್ರೆಯಲ್ಲಿ ಆ ಕಾಗದವನ್ನು ಗಟ್ಟಿಯಾಗಿ ಓದಿಹೇಳುತ್ತಿದ್ದೆ. ಈ ಸಲ ಅರ್ಥವೂ ಗೊತ್ತಿತ್ತು.

ಉತ್ತರ ಬರೆದೆ. ಅಕ್ಕೋರು ಇಲ್ಲ ಎಂದು ಬರೆಯಲು ಸರಿಯಾದ ಇಂಗ್ಲಿಷ್ ಸಿಗಲಿಲ್ಲ. ಸಿಕ್ಕ ಇಂಗ್ಲಿಷಿನಲ್ಲಿ ಬರೆದೆ, ತೀರಿಕೊಂಡದ್ದು ಯಾವಾಗ ಎಂಬುದು ಬಿಟ್ಟುಹೋಯಿತು. ತಪ್ಪಾತು ಎಂದು ಹೇಳಲು ಹೇಳಿದ್ದರು ಎಂಬುದನ್ನೂ ಬರೆದೆ. ಮತ್ತೊಮ್ಮೆ ಓದದೆ, ಮುಚ್ಚಿಡದೆ ಹಾಗೇ ಕಳಿಸಿದೆ.

ಗುರುವಾರ ನಾಲ್ಕೂ ಹತ್ತಕ್ಕೆ ತೆರೆಯ ಮೇಲೆ ಇನ್ನೊಂದು ಮುಖ ಬಂತು. ಸೊರಗಿದ್ದಳು, ಹಿಂದೆ ನೀಲಿ ಟಾರ್ಪಾಲು. ನಾನು ಅಕ್ಕೋರ ಮನೆಯಿಂದ ತಂದಿಟ್ಟಿದ್ದ, ‘ಆತು’ ಬಿದ್ದ ಪ್ರತಿಯನ್ನು ಎತ್ತಿ ತೋರಿಸಿದೆ. ಅವಳು ಪಕ್ಕಕ್ಕೆ ಸರಿದು ತಗಡಿನ ಪೆಟ್ಟಿಗೆಯನ್ನು ತೋರಿಸಿದಳು. ಆಮೇಲೆ ಕೇಳಿದಳು:

"ಪೆಟ್ಟಿಗೆ ಉಳಿದದ್ದು ಮೇಡಂಗೆ ಗೊತ್ತಾಗಿತ್ತೇ?"

ಹೌದು ಎನ್ನಬಹುದಿತ್ತು. ಕೇಳಿ ಸಮಾಧಾನವಾಗಿ ಹೋದರು ಎಂದರೆ ಶಿಬಿರದಲ್ಲಿರುವ ಆ ಹೆಣ್ಣಿಗೆ ಅಷ್ಟಾದರೂ ನೆಮ್ಮದಿ ಸಿಗುತ್ತಿತ್ತು, ನನ್ನ ಮಾತನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ಗೊತ್ತಾಗಿದ್ದಿರಬಹುದು ಎಂದಾದರೂ ಹೇಳಲು ಬಾಯಿ ತೆರೆದೆ. ಕೈಯಲ್ಲಿದ್ದ ಪ್ರತಿಯ ಅಂಚಿನ ತುಂಬ ಪೆನ್ಸಿಲ್ ಪ್ರಶ್ನೆಗಳಿದ್ದವು.

"ಇಲ್ಲ" ಎಂದೆ.

ಹನಾನ್ ಮುಖ ಮುಚ್ಚಿಕೊಂಡಳು. ನಾನು ಕಾದೆ. ಬಹಳ ಹೊತ್ತಾದ ಮೇಲೆ ಅವಳು ಓಢಣಿಯ ಅಂಚಿನಿಂದ ಕಣ್ಣೊರೆಸಿಕೊಂಡು, ಪೆಟ್ಟಿಗೆಯಿಂದ ಒಂದು ನೋಟುಪುಸ್ತಕ ತೆಗೆದು, ಮೂರನೆಯ ಭಾಗ ತೆರೆಯಿರಿ ಎಂದಳು. ನಾನು ಪೆನ್ಸಿಲ್ ತೆಗೆದುಕೊಂಡೆ.